ಹದಿಮೂರನೆಯ ಡಬ್ಬ

ಮರಳುಗಾಡು ಮುಗಿದು ನದಿ ಶುರುವಾಗುವ ಕಡೆ, ಬಹಳ ಬಹಳ ಹಿಂದೇನಲ್ಲ, ಮೊನ್ನೆ ಮೊನ್ನೆಯವರೆಗೂ, ನಡೆಯಬಲ್ಲ ಮನೆಯೊಂದಿತ್ತು. ಬಿಳಿ ತಗಡಿನ ಮೈ, ಹಸಿರು ಚೌಕಟ್ಟಿನ ಕಿಟಕಿಗಳು, ಬುಡದ ಸುತ್ತ ನೆಲ ಮುಟ್ಟುವ ತಗಡಿನ ಲಂಗ. ಆ ಲಂಗದೊಳಗೆ ಅದರ ಕಾಲುಗಳು ಮಡಚಿಕೊಂಡು ಮಲಗಿದ್ದವು. ಮನೆಯೊಡತಿ ಒಂದೇ ಒಂದು ಮಾತು ಹೇಳಿದರೆ ಸಾಕು, ಮನೆ ಮೈಮುರಿದು ಎದ್ದು ಅವಳು ತೋರಿಸಿದ ದಿಕ್ಕಿಗೆ ಹೊರಟುಬಿಡುತ್ತದೆ ಎಂದು ಅವಳ ಗಂಡ ಹೇಳಿದ್ದ. ವರ್ಷಕ್ಕೊಮ್ಮೆ, ಮಾರ್ಚ್ ತಿಂಗಳಲ್ಲಿ, ಅವನು ಲಂಗದ ಒಂದು ತಗಡು ಸರಿಸಿ, ಹೊಟ್ಟೆಯ ಮೇಲೆ ತೆವಳಿ ಒಳಗೆ ಹೋಗಿ, ಆ ಕಾಲುಗಳನ್ನು ನೀವಿ ಬರುತ್ತಿದ್ದ. ಅವಳು ಆ ಒಂದು ಮಾತನ್ನು ನಾಲಗೆಯ ತುದಿಯಲ್ಲಿಟ್ಟುಕೊಂಡೇ ಹದಿಮೂರು ವರ್ಷ ಕಳೆದಳು.

"ಗಾಲಿ ಇಲ್ಲ ಅಮ್ಮಾ," ಎಂದ ರೋಯ್ಸ್.

ಅವನು ಮನೆ ಎಳೆಯುವವನು. ಇಂಥ ಮನೆಗಳನ್ನು ಲಾರಿಗೆ ಕಟ್ಟಿ ಒಂದೂರಿನಿಂದ ಇನ್ನೊಂದೂರಿಗೆ ಸಾಗಿಸುವುದು ಅವನ ಕಸುಬು. ತಗಡು ಬಿಚ್ಚಿದ ಸಂದಿಯಿಂದ ಈಗಷ್ಟೇ ಹೊರಬಂದಿದ್ದ. ಟೋಪಿ, ಹುಬ್ಬು, ಗಡ್ಡದ ಮೇಲೆಲ್ಲ ಜೇಡರ ಬಲೆ. ಮನೆಯೊಡತಿ ಆರ್ಡಿತ್ ಅವನಿಗೆಂದು ಐಸ್ ಹಾಕಿದ ಚಹಾದ ಲೋಟ ಹಿಡಿದು ನಿಂತಿದ್ದಳು. ಅವಳಿಗೆ ಎಪ್ಪತ್ತೊಂದು. ಶಾಲೆಯೊಂದರ ಅಡುಗೆಮನೆಯಲ್ಲಿ ಮೂವತ್ತು ವರ್ಷ ಮುನ್ನೂರು ಮಕ್ಕಳಿಗೆ ಬೇಯಿಸಿ ಹಾಕಿದ ಕೈ, ಲೋಟ ಅಲುಗಲಿಲ್ಲ.

"ಸರಿಯಾಗಿ ನೋಡಪ್ಪ. ಒಳಗೆ ಕತ್ತಲೆ."

"ಟಾರ್ಚ್ ಹಾಕ್ಕೊಂಡೇ ನೋಡ್ದೆ. ಗಾಲಿ ಇಲ್ಲ, ಅಚ್ಚು ಇಲ್ಲ, ಮುಂದಗಡೆ ಎಳೆಯೋ ಕೊಕ್ಕೇನೂ ಇಲ್ಲ. ಬರೀ ಸಿಮೆಂಟ್ ಇಟ್ಟಿಗೆ ಮೇಲೆ ಕೂತಿದೆ ನಿಮ್ಮನೆ."

ಆರ್ಡಿತ್‌ಗೆ ನಗು ಬಂತು. "ಅದ್ಹೇಗಪ್ಪಾ? ನಮ್ಮ ಮನೆಯವರು ಪ್ರತಿ ವರ್ಷ ಅದಕ್ಕೆ ಗ್ರೀಸ್ ಹಚ್ತಿದ್ರು."

ರೋಯ್ಸ್ ಟೋಪಿ ತೆಗೆದು ಬಲೆ ಒರೆಸಿಕೊಂಡ. ತಲೆಯೆತ್ತದೆ ಕೇಳಿದ: "ಯಾವುದಕ್ಕೆ?"

ಲೋಟದೊಳಗಿನ ಐಸ್ ಚೂರುಗಳು ಟಿಣ್ ಎಂದು ಸದ್ದು ಮಾಡಿದವು. ಪಕ್ಕದ ಜಾಗದಲ್ಲಿ ಮಡಚುವ ಕುರ್ಚಿ ಹಾಕಿಕೊಂಡು, ಬರಿಗಾಲನ್ನು ಬಕೆಟ್ಟಿನ ಮೇಲಿಟ್ಟು ಕೂತಿದ್ದ ನೆರೆಯವಳು ನೋಲಾ ಕಾಲು ಕೆಳಗಿಳಿಸಿದಳು.

ರೋಯ್ಸ್ ಒಳ್ಳೆಯವನು. ಕೊಟ್ಟ ಚಹಾವನ್ನು ನಿಂತೇ ಗಟಗಟನೆ ಕುಡಿದು, ನಿಧಾನವಾಗಿ ಬಿಡಿಸಿ ಹೇಳಿದ. ಇಂಥ ಮನೆ ತಂದು ನಿಲ್ಲಿಸಿದ ವಾರದಲ್ಲೇ ತಂದವರು ಗಾಲಿ, ಅಚ್ಚು ಬಿಚ್ಚಿಕೊಂಡು ಹೋಗುತ್ತಾರೆ, ಮುಂದಿನ ಮನೆಗೆ ಹಾಕುತ್ತಾರೆ. ಅವನ ಅಪ್ಪನೂ ಹಾಗೇ ಮಾಡುತ್ತಿದ್ದ. ಇದಂತೂ ಎಪ್ಪತ್ತನಾಲ್ಕನೇ ಇಸವಿಯಲ್ಲಿ ಮಾಡಿದ ಮನೆ. ಹೊಸ ಗಾಲಿ ಹಾಕಿದರೂ ರಸ್ತೆಗಿಳಿಸಲು ಪರವಾನಗಿ ಸಿಗುವುದಿಲ್ಲ. ಸಿಕ್ಕಿದರೂ ಇಷ್ಟು ಹಳೆಯ ಮನೆಗೆ, ಇಂಥ ಮನೆಗಳನ್ನು ಬಾಡಿಗೆಗೆ ನಿಲ್ಲಿಸಿಕೊಳ್ಳುವ ಯಾವ ಪಾರ್ಕಿನವರೂ ಜಾಗ ಕೊಡುವುದಿಲ್ಲ.

"ಅದೆಲ್ಲ ಬಿಡಿ. ಎತ್ತಿದ ತಕ್ಷಣ ಬ್ರೆಡ್ಡಿನ ಥರ ಮಧ್ಯಕ್ಕೆ ಮುರಿಯುತ್ತೆ," ಎಂದ. ಬಂದು ಹೋದದ್ದಕ್ಕೆ ದುಡ್ಡು ಬೇಡವೆಂದ. ಬಿಚ್ಚಿದ ತಗಡನ್ನು ಮತ್ತೆ ಹಾಕಲು ಮರೆತು ಹೊರಟುಹೋದ.

ಪಾರ್ಕಿನವರೆಲ್ಲ ಜನವರಿಯಿಂದ ನಿದ್ದೆಗೆಟ್ಟಿದ್ದರು. ಅಲ್ಲಿರುವವರೆಲ್ಲ ಕೆಲಸದಿಂದ ನಿವೃತ್ತರಾದವರು; ಇಟ್ಟಿಗೆಯ ಮನೆ ಸಾಕುವ ಶಕ್ತಿ ಪಿಂಚಣಿಗೆ ಇಲ್ಲದವರು. ಮನೆ ಅವರದು, ಮನೆಯ ಕೆಳಗಿನ ನೆಲ ಬಾಡಿಗೆಯದು. ಆ ನೆಲ ಮಾರಾಟವಾಗಿತ್ತು. ಏಪ್ರಿಲ್ ಮುಗಿಯುವಷ್ಟರಲ್ಲಿ ಎಲ್ಲರೂ ಖಾಲಿ ಮಾಡಬೇಕೆಂಬ ಕಾಗದ ಒಂದೊಂದು ಬಾಗಿಲಿಗೂ ಅಂಟಿತ್ತು. ಹೆದರದೆ ಇದ್ದವಳು ಆರ್ಡಿತ್ ಒಬ್ಬಳೇ. ಅತ್ತವರ ಮನೆಗೆ ಆಲೂಗಡ್ಡೆ ಚೀಸು ಹಾಕಿ ಬೇಯಿಸಿದ ತಟ್ಟೆ ಹೊತ್ತುಕೊಂಡು ಹೋಗಿ ಸಮಾಧಾನ ಹೇಳಿ ಬಂದಿದ್ದಳು. ಮಕ್ಕಳಿಲ್ಲ, ಇದ್ದೊಬ್ಬ ತಂಗಿಯೂ ಈಗಿಲ್ಲ, ಗಂಡ ಹಾರ್ಲನ್ ತೀರಿಕೊಂಡು ಒಂದೂವರೆ ವರ್ಷವಾಗಿತ್ತು. ಆದರೇನು, ಮನೆಗೆ ಗಾಲಿ ಇತ್ತಲ್ಲ.

ನೋಲಾಗೂ ಅವಳಿಗೂ ಈ ವಿಷಯದಲ್ಲಿ ದಿನಾ ಜಗಳ. ನೋಲಾ ಶಾಲಾ ಬಸ್ ಓಡಿಸಿದವಳು, ಇಬ್ಬರು ಗಂಡಂದಿರನ್ನು ಬಿಟ್ಟವಳು, ಟ್ರಕ್ಕಿನ ಹಿಂದೆ ಕಟ್ಟಿ ಎಳೆಯುವ ಮೊಟ್ಟೆಯಾಕಾರದ ಪುಟ್ಟ ಗಾಡಿಮನೆಯಲ್ಲಿ ಬಾಳುವವಳು.

"ನಿನ್ನದು ಗಾಡಿ, ನನ್ನದು ಮನೆ ಕಣೇ," ಎನ್ನುವಳು ಆರ್ಡಿತ್.

"ಹೌದಮ್ಮ, ನಿನ್ನ ಮನೆ ಮರ್ಯಾದಸ್ಥೆ, ಲಂಗ ಉಟ್ಕೊಂಡಿದೆ. ನನ್ನದು ತೊಡೆ ತೋರಿಸ್ಕೊಂಡು ನಿಂತಿದೆ. ಆದ್ರೆ ಓಡೋ ಹೊತ್ತಲ್ಲಿ ಯಾರು ಎಡವ್ತಾರೆ ನೋಡೋಣ."

"ನೀನು ಹೋಗಿ ನದಿ ಆಚೆ ಒಂದು ಜಾಗ ಹಿಡಿ. ಪಕ್ಕದ್ದು ನಂಗೆ ಹೇಳಿಡು. ಹಿಂದೇನೇ ಮನೆ ಎಳೆಸ್ಕೊಂಡು ಬರ್ತೀನಿ."

ಈಗ ನೋಲಾ ಚಪ್ಪಲಿ ಹುಡುಕಿ ಮೆಟ್ಟಿಕೊಂಡು ಬಂದು ಆರ್ಡಿತ್‌ಳ ಕೈಯಿಂದ ಖಾಲಿ ಲೋಟ ಬಿಡಿಸಿಕೊಂಡಳು.

"ಸುಳ್ಳು ಹೇಳ್ತಾನೆ ಅವ್ನು. ಹಳೇ ಮನೆ ಎಳೆಯೋಕೆ ಸೋಮಾರಿತನ," ಎಂದಳು ಆರ್ಡಿತ್. "ನಾನೇ ನೋಡ್ತೀನಿ."

"ನಿನ್ನ ಮಂಡಿ ಇಟ್ಕೊಂಡಾ? ಒಳಗೆ ಹಾವಿರುತ್ತೆ ಮಾರಾಯ್ತಿ!"

"ಹಾರ್ಲನ್‌ನೂ ಅದನ್ನೇ ಹೇಳ್ತಿದ್ದ, ಕೆಳಗೆ ಬರ್ಬೇಡ, ಹಾವಿರು..." ಆರ್ಡಿತ್ ಮಾತು ಅಲ್ಲಿಗೇ ನಿಲ್ಲಿಸಿದಳು. ಆಮೇಲೆ ಮಂಡಿಯೂರಿ, ಅಂಗೈಯೂರಿ, ಕೊನೆಗೆ ಹೊಟ್ಟೆಯೂರಿ, ಸಂದಿಯೊಳಗೆ ನುಗ್ಗಿದಳು.

ಒಳಗೆ ತಂಪಿತ್ತು. ತಗಡಿನ ತೂತುಗಳಿಂದ ಬಿಸಿಲಿನ ಕಡ್ಡಿಗಳು ಅಡ್ಡಡ್ಡ ಬಿದ್ದಿದ್ದವು. ಕಣ್ಣು ಹೊಂದಿಕೊಳ್ಳುವವರೆಗೆ ಅವಳು ಗದ್ದವನ್ನು ಮಣ್ಣಿಗಿಟ್ಟು ಕಾದಳು. ಮೊದಲು ಕಂಡದ್ದು ಬೂದು ಇಟ್ಟಿಗೆಗಳ ಕಂಬಗಳು, ಸಾಲಾಗಿ, ಮೋಟುಮೋಟಾಗಿ. ಕಂಬಗಳ ಆಚೆ ಇನ್ನಷ್ಟು ಕಂಬಗಳು. ಗಾಲಿ ಇರಬೇಕಾದಲ್ಲಿ ಬರೀ ಗಾಳಿ. ಅವಳು ಕೈ ಚಾಚಿ ಆ ಗಾಳಿಯನ್ನು ಮುಟ್ಟಿ ನೋಡಿದಳು. ಕೈಯನ್ನು ಆಚೆಯಿಂದ ಈಚೆಗೆ ಎರಡು ಸಲ ಆಡಿಸಿದಳು. ಹದಿಮೂರು ವರ್ಷ ತಾನು ಮಲಗಿದ್ದು, ಎದ್ದದ್ದು, ರೊಟ್ಟಿ ಸುಟ್ಟದ್ದು, ಅತ್ತದ್ದು ಎಲ್ಲ ಈ ಮೋಟು ಕಂಬಗಳ ಮೇಲೆ.

"ಇದೀಯಾ, ಹೋದ್ಯಾ?" ಹೊರಗಿನಿಂದ ನೋಲಾ ಕೂಗಿದಳು.

ನೀರಿನ ಕೊಳವೆ ತಲೆಯ ಮೇಲೆ ಬಾಗಿ ಮೇಲಕ್ಕೆ ಹೋಗುವಲ್ಲಿ, ಅಂದರೆ ಅಡುಗೆಮನೆಯ ಸಿಂಕಿನ ಕೆಳಗೆ, ಕಂದು ಬಣ್ಣದ ಒಂದು ತುಂಡು ಕಾರ್ಪೆಟ್ ಹಾಸಿತ್ತು. ಇಲ್ಲಿಗೆ ಬರುವ ಮೊದಲು ಬಾಳಿದ ನೆಬ್ರಾಸ್ಕಾದ ಮನೆಯ ನಡುಮನೆಯ ಕಾರ್ಪೆಟ್. ಅದರ ಮೇಲೆ ಎಂಟು ವರ್ಷದ ಹಿಂದೆ ಕಳೆದುಹೋದ ಅವಳ ಹೂವಿನ ದಿಂಬು. ನಿಂಬೆ ಪೆಪ್ಪರಮಿಂಟಿನ ಹಳದಿ ಕಾಗದಗಳು, ಮುದುಡಿದವು, ಒಂದು ರಾಶಿ. ಸಕ್ಕರೆ ಕಾಯಿಲೆಯೆಂದು ಅವಳು ಬೀರುವಿನ ಮೇಲೆ ಬಚ್ಚಿಟ್ಟು, ಮತ್ತೆ ಸಿಗದೆ, ತಾನೇ ತಿಂದುಬಿಟ್ಟೆನೇನೋ ಎಂದುಕೊಂಡವು. ಆಮೇಲೆ, ಗೋಡೆಗೆ ತಾಗಿಸಿಟ್ಟ ಹಾಗೆ ನೇರವಾಗಿ, ಡಬ್ಬಗಳು.

ಗ್ರೀಸ್ ಡಬ್ಬಗಳು. ಕೆಂಪು ಮುಚ್ಚಳದವು. ಪ್ರತಿ ಮಾರ್ಚ್ ಮೊದಲ ವಾರ ಹಾರ್ಡ್‌ವೇರ್ ಅಂಗಡಿಗೆ ಹೋಗಿ ಅವಳೇ ಆರಿಸಿ ತಂದು, ಬೆಳಗಿನ ತಿಂಡಿಯ ತಟ್ಟೆಯ ಪಕ್ಕ ಇಡುತ್ತಿದ್ದವು. ಎಣಿಸಿದಳು. ಹನ್ನೆರಡು. ಒಂದೊಂದನ್ನೇ ಎತ್ತಿ ನೋಡಿದಳು. ಭಾರ ಹಾಗೇ ಇತ್ತು. ಮುಚ್ಚಳದ ಸುತ್ತ ಅಂಟಿಸಿದ ಪಟ್ಟಿ ಹಾಗೇ ಇತ್ತು. ಹನ್ನೊಂದು ಡಬ್ಬಗಳಿಗೂ ಹಾಗೇ ಇತ್ತು.

ಸಾಲಿನ ಮೊದಲ ಡಬ್ಬದ ಮುಚ್ಚಳ ಮಾತ್ರ ಕೈಗೆ ಬಂತು. ಒಳಗಿನ ಗ್ರೀಸ್ ಒಣಗಿ ಮೇಣದಂತಾಗಿತ್ತು. ಅದರ ಮೇಲೆ ಎರಡು ಬೆರಳು ಆಳವಾಗಿ ಬಾಚಿದ ಗುರುತು.

ಆ ಮೊದಲ ಮಾರ್ಚ್ ಅವಳಿಗೆ ಕಣ್ಣಿಗೆ ಕಟ್ಟಿದ ಹಾಗೆ ನೆನಪಿತ್ತು. ನೆಬ್ರಾಸ್ಕಾದ ಇಟ್ಟಿಗೆ ಮನೆ ಬಿಡಲು ಅವಳಿಗೆ ಸುತರಾಂ ಇಷ್ಟವಿರಲಿಲ್ಲ. ಮನೆಯ ತೆರಿಗೆ, ಚಳಿಗಾಲದ ಸೌದೆ, ಸೋರುವ ಮಾಡು, ಇಬ್ಬರ ಪಿಂಚಣಿಯನ್ನೂ ತಿಂದುಹಾಕುತ್ತಿದ್ದವು; ಆದರೂ ಅವಳು ತಗಡಿನ ಡಬ್ಬದಲ್ಲಿ ಸಾಯಲಾರೆ ಎಂದಿದ್ದಳು. "ಇದು ಡಬ್ಬ ಅಲ್ಲ ಆರ್ಡಿ, ಗಾಲಿ ಮೇಲಿನ ಮನೆ," ಎಂದಿದ್ದ ಹಾರ್ಲನ್. ಮಾರಿದವನು ಅವನಿಗೆ ಹಾಗೇ ಹೇಳಿದ್ದ. "ನಿಂಗೆ ಬೇಜಾರಾದ ದಿನ ಒಂದು ಮಾತು ಹೇಳು, ಕಟ್ಟು ಗಾಡಿ ಅಂತ. ಕಟ್ಕೊಂಡು ವಾಪಸ್ ಹೋಗೋಣ." ಬಂದ ಮೇಲೂ ಆರು ತಿಂಗಳು ಅವಳು ಪಿಂಗಾಣಿ ತಟ್ಟೆಗಳ ಪೆಟ್ಟಿಗೆ ಬಿಚ್ಚಿರಲಿಲ್ಲ. ಆ ಮಾರ್ಚ್ ಬೆಳಿಗ್ಗೆ ಅವನು ಡಬ್ಬ ಹಿಡಿದು ಕೆಳಗೆ ಹೋದ. ಹತ್ತು ನಿಮಿಷಕ್ಕೆ ಮೇಲೆ ಬಂದು ಬಾಗಿಲಲ್ಲಿ ನಿಂತು, "ಆರ್ಡಿ," ಎಂದ. ಎರಡು ಬೆರಳಿಗೆ ಗ್ರೀಸ್ ಮೆತ್ತಿತ್ತು. ಅವಳು ನೆಲದ ಮೇಲೆ ಕೂತು ತಟ್ಟೆಗಳನ್ನು ಹಳೇ ಪೇಪರಿನಿಂದ ಬಿಡಿಸುತ್ತಿದ್ದಳು.

"ನೋಡು, ಕೊನೇ ಪೆಟ್ಟಿಗೇನೂ ಬಿಚ್ದೆ," ಎಂದಿದ್ದಳು ತಾನು. "ಗಾಲಿ ಇದೆ ಅನ್ನೋ ಧೈರ್ಯ ಕಣೋ. ಇಲ್ದಿದ್ರೆ ಬಿಚ್ತಾನೇ ಇರ್ಲಿಲ್ಲ. ಏನು, ಕರೆದ್ಯಲ್ಲ?"

ಅವನು ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡಿದ್ದ. ಹೊಸ ಪ್ಯಾಂಟು, ಅದಕ್ಕೆ ಅವಳು ಬೈದಿದ್ದಳು.

"ಏನಿಲ್ಲ. ಗಾಲಿ ಚೆನ್ನಾಗಿವೆ."

ಸಿಂಕಿನ ಕೆಳಗೆ ಅಂಗಾತ ಮಲಗಿ ಆರ್ಡಿತ್ ಮೇಲಿನ ಹಲಗೆಗಳನ್ನು ನೋಡಿದಳು. ಫ್ರಿಜ್ಜಿನ ಗುಂಯ್‌ಗುಡುವಿಕೆ ಅಷ್ಟು ಸ್ಪಷ್ಟವಾಗಿ ಕೇಳುತ್ತಿತ್ತು. ಗಡಿಯಾರದ ಟಿಕ್ ಟಿಕ್ ಕೂಡ. ಹಾಗಾದರೆ ಅವನಿಗೆ ಎಲ್ಲ ಕೇಳುತ್ತಿತ್ತು. "ಒಂದು ಗಂಟೆ ಆಯ್ತು, ಎಲ್ಲಿ ಸತ್ನೋ ಈ ಮನುಷ್ಯ," ಎಂದು ಅವಳು ಪಾತ್ರೆ ತೊಳೆಯುತ್ತ ತನ್ನಷ್ಟಕ್ಕೆ ಗೊಣಗಿದ್ದು, ರೇಡಿಯೋ ಜೊತೆ ಅಪಸ್ವರದಲ್ಲಿ ಹಾಡಿದ್ದು, ಒಂದು ವರ್ಷ ಯಾರೂ ಇಲ್ಲವೆಂದುಕೊಂಡು ಬಿಕ್ಕಿ ಬಿಕ್ಕಿ ಅತ್ತದ್ದು. ಪೆಪ್ಪರಮಿಂಟು ಚೀಪುತ್ತ ಅವನು ಇಲ್ಲಿ, ಅವಳ ಕಾಲಡಿಯಲ್ಲಿ, ಅವಳ ದಿಂಬಿಗೆ ತಲೆಕೊಟ್ಟು ಮಲಗಿದ್ದ.

ನೆಬ್ರಾಸ್ಕಾದಲ್ಲಿದ್ದ ತಂಗಿ ಹಾಸಿಗೆ ಹಿಡಿದ ವರ್ಷ ಅವಳು ನಿಜವಾಗಿಯೂ ಆ ಮಾತು ಹೇಳಿದ್ದಳು. ಕಟ್ಟು ಗಾಡಿ, ಹಾರ್ಲನ್. ಅವನು ಬಚ್ಚಲಿಗೆ ಹೋಗಿ ಬಹಳ ಹೊತ್ತು ನಲ್ಲಿ ಬಿಟ್ಟುಕೊಂಡು ನಿಂತಿದ್ದ. ಹೊರಗೆ ಬಂದು, ಮನೆ ಎಳೆದುಕೊಂಡು ಹೋದರೆ ವಾರ ಹಿಡಿಯುತ್ತದೆ, ಬಸ್ಸಿನಲ್ಲಿ ಹೋದರೆ ನಾಡಿದ್ದು ತಲುಪುತ್ತೇವೆ ಎಂದಿದ್ದ. ಸಾಯುವ ಮುನ್ನ ತಂಗಿ ಎರಡು ದಿನ ಸಿಕ್ಕಿದ್ದಳು. ಎಂಥ ಬುದ್ಧಿ ನನ್ನ ಗಂಡಂದು ಎಂದು ಅವಳು ಊರೆಲ್ಲ ಹೇಳಿಕೊಂಡು ಬಂದಿದ್ದಳು.

ಆಸ್ಪತ್ರೆಯ ಕೊನೆಯ ಸಂಜೆಯೂ ಹಾಗೇ. ಅವನ ಹಣೆ ನೇವರಿಸುತ್ತ ಏನಾದರೂ ಒಳ್ಳೆಯ ಮಾತು ಹೇಳಬೇಕೆಂದು ಅವಳು ಹೇಳಿದ್ದಳು: "ಈ ಸಲ ಗಾಲಿಗೆ ನಾನೇ ಗ್ರೀಸ್ ಹಚ್ತೀನಿ ಕಣೋ. ನಿಜವಾಗ್ಲೂ. ಮಾತು ಕೊಟ್ಟೆ." ಅವನು ಬೆಚ್ಚಿ ಕಣ್ಣು ಬಿಟ್ಟಿದ್ದ. ಅವಳ ಮಣಿಕಟ್ಟು ಹಿಡಿದ ಹಿಡಿತಕ್ಕೆ ಗುರುತು ಮೂಡಿತ್ತು. "ಬೇಡ. ಹಾವು," ಎಂದಿದ್ದ. ನೋವಿಗೆ ಹಾಗಾಡುತ್ತಿದ್ದಾನೆಂದು ಅವಳು ನರ್ಸನ್ನು ಕರೆದಿದ್ದಳು. ನರ್ಸ್ ಚುಚ್ಚುಮದ್ದು ಕೊಟ್ಟಳು. ಅದಾದ ಮೇಲೆ ಅವನು ಮಾತಾಡಲಿಲ್ಲ.

ಮರುವರ್ಷ ಮಾರ್ಚಿನಲ್ಲಿ ಅವಳು ಹದಿಮೂರನೆಯ ಡಬ್ಬ ತಂದಿದ್ದಳು. ಮಂಡಿ ನೋವೆಂದು ಇವತ್ತು ನಾಳೆ ಎಂದುಕೊಂಡು, ಕೊನೆಗೆ ಅಡುಗೆಮನೆಯ ಕಪಾಟಿನಲ್ಲಿ ಸಕ್ಕರೆ ಡಬ್ಬದ ಹಿಂದೆ ನೂಕಿದ್ದಳು. ಕೊಟ್ಟ ಮಾತು ಉಳಿಸಿಕೊಳ್ಳಲಿಲ್ಲವೆಂದು ಪ್ರತಿ ಸಲ ಚಹಾ ಮಾಡುವಾಗ ಚುಚ್ಚುತ್ತಿತ್ತು.

ಹೊರಗೆ ಬಂದಾಗ ಅವಳ ಮೊಣಕೈ ತರಚಿತ್ತು, ಕೂದಲಿಗೆ ಮಣ್ಣು ಮೆತ್ತಿತ್ತು. ಕೈಯಲ್ಲಿ ಆ ಮೊದಲ ಡಬ್ಬ. ಎಲ್ಲ ಹೇಳಿ ಮುಗಿಸುವಷ್ಟರಲ್ಲಿ ನೋಲಾಳ ಮುಖ ಕೆಂಪಗಾಯಿತು.

"ಹನ್ನೆರಡು ವರ್ಷ! ಎಂಥ ಕಳ್ಳ ಮುಂಡೇದು! ಸತ್ತೋದ, ಇಲ್ದಿದ್ರೆ ನಾನೇ ಮೇಲೆ ಟ್ರಕ್ ಹತ್ತಿಸ್ತಿದ್ದೆ. ಈಗ ನೀನು ಹೋಗೋದೆಲ್ಲಿಗೆ? ಆಗ್ಲೇ ಹೇಳಿದ್ರೆ ವಯಸ್ಸಿತ್ತು, ಏನಾದ್ರೂ ಮಾಡ್ಕೊಳ್ತಿದ್ರಿ."

"ಹನ್ನೊಂದು ವರ್ಷ," ಎಂದಳು ಆರ್ಡಿತ್.

"ಏನು?"

"ಮೊದಲ್ನೇ ವರ್ಷ ಅವ್ನು ನಿಜವಾಗ್ಲೂ ಹಚ್ಚೋಕೇ ಹೋಗಿದ್ದ." ಮುಚ್ಚಳ ತೆಗೆದು ಬೆರಳಿನ ಗುರುತು ತೋರಿಸಿದಳು. ನೋಲಾ ತನ್ನ ಎರಡೂ ಕೈಯಿಂದ ಅವಳ ಕೈಯನ್ನು ಡಬ್ಬ ಸಮೇತ ಹಿಡಿದುಕೊಂಡಳು.

ವಾರವೊಂದು ಆರ್ಡಿತ್ ಮನೆಯಿಂದ ಹೊರಗೆ ಬರಲಿಲ್ಲ. ನೆಲದ ಮೇಲೆ ಹಗುರವಾಗಿ ಹೆಜ್ಜೆಯಿಟ್ಟು ಓಡಾಡಿದಳು. ಒಮ್ಮೊಮ್ಮೆ ಸಿಂಕಿನ ಮುಂದೆ ನಿಂತು, ಹಿಮ್ಮಡಿಯಿಂದ ಧಡ್ ಧಡ್ ಎಂದು ನೆಲ ಒದ್ದಳು. ಸುತ್ತಲಿನ ಜಾಗಗಳು ಒಂದೊಂದಾಗಿ ಖಾಲಿಯಾಗುತ್ತಿದ್ದವು. ಹೋದ ಗಾಡಿಗಳ ಕೆಳಗಿದ್ದ ನೆಲ ಬಿಳಿಚಿಕೊಂಡು ಕಾಣುತ್ತಿತ್ತು.

ಎಂಟನೆಯ ದಿನ ನೋಲಾ ಬಾಗಿಲು ತಟ್ಟದೆ ಒಳಗೆ ಬಂದಳು. "ಮುಖ ತೊಳ್ಕೊ. ಡೆಲ್ಬರ್ಟ್ ಕರೀತಿದಾನೆ."

ಡೆಲ್ಬರ್ಟ್ ಪಾರ್ಕಿನ ಕೊನೆಯಲ್ಲಿರುವ ಮುದುಕ. ಕಣ್ಣು ಮಂಜಾಗಿ ವರ್ಷವಾಗಿತ್ತು. ಮಗಳು ಬಂದು ಕರೆದುಕೊಂಡು ಹೋಗುವವಳಿದ್ದಳು; ಅವನ ಹದಿಮೂರು ಅಡಿಯ ಗಾಡಿಮನೆ ಮಾತ್ರ ಅವಳಿಗೆ ಬೇಡವಾಗಿತ್ತು. ಅವನು ಮೆಟ್ಟಿಲ ಮೇಲೆ ಕೂತು, ಆರ್ಡಿತ್ ಇರುವ ಕಡೆಗಿಂತ ಸ್ವಲ್ಪ ಎಡಕ್ಕೆ ನೋಡುತ್ತ ವ್ಯಾಪಾರ ಮಾಡಿದ.

"ಗಾಡಿ ನಿಂಗೆ. ಹಾರ್ಲನ್‌ನ ಮೀನಿನ ಗಾಳ ಎಲ್ಲ ನಂಗೆ. ನಿನ್ನ ಫ್ರೀಜರೂ ನಂಗೆ."

"ಕಣ್ಣು ಕಾಣಲ್ಲ, ಗಾಳ ಯಾಕೋ ನಿಂಗೆ?" ಎಂದಳು ನೋಲಾ.

"ಮೀನಿಗೇನು ನಾನು ಕಾಣ್ಬೇಕಾ? ನೀನು ಸುಮ್ನಿರು. ಆರ್ಡಿತ್, ಒಂದು ಮಾತು ಮೊದ್ಲೇ ಹೇಳ್ಬಿಡ್ತೀನಿ, ಆಮೇಲೆ ಮೋಸ ಮಾಡ್ದ ಅನ್ಬೇಡ. ಗಾಲಿ ನಾಲ್ಕು ವರ್ಷದಿಂದ ತಿರುಗಿಲ್ಲ. ಗ್ರೀಸ್ ಹಚ್ಚದೆ ರಸ್ತೆಗಿಳಿಸಿದ್ರೆ ಹತ್ತು ಮೈಲಿಗೆ ಉದುರ್ಕೊಂಡು ಹೋಗುತ್ತೆ."

ಆರ್ಡಿತ್ ಅವನನ್ನೇ ದಿಟ್ಟಿಸಿದಳು. ನಿಧಾನವಾಗಿ ಬಗ್ಗಿ, ಗಾಡಿಯ ಕೆಳಗೆ ಕೈ ಹಾಕಿ, ರಬ್ಬರು ಮುಟ್ಟಿ ನೋಡಿದಳು. ಮತ್ತೆ ಆ ಕಡೆ ಹೋಗಿ ಅದನ್ನೂ ಮುಟ್ಟಿ ನೋಡಿದಳು.

"ಎರಡಿವೆ," ಎಂದಳು.

"ಮತ್ತೆಷ್ಟಿರುತ್ತೆ?" ಎಂದ ಡೆಲ್ಬರ್ಟ್.

ಪಿಂಗಾಣಿ ತಟ್ಟೆಗಳು ಡೆಲ್ಬರ್ಟನ ಮಗಳಿಗೆ ಹೋದವು. ಮಂಚ, ಮೇಜು, ಪರದೆಗಳು ಯಾರ್ಯಾರಿಗೋ ಹೋದವು. ಏಪ್ರಿಲ್ ಕೊನೆಯ ವಾರದ ಒಂದು ಬೆಳಿಗ್ಗೆ, ಬಿಸಿಲು ಏರುವ ಮೊದಲು, ನೋಲಾ ಜ್ಯಾಕ್ ಕೊಟ್ಟು ಪುಟ್ಟ ಗಾಡಿಯ ಒಂದು ಪಕ್ಕ ಎತ್ತಿದಳು. ಗಾಲಿ ಬಿಚ್ಚಿ, ನಡುವಿನ ಬಟ್ಟಲು ತೆಗೆದು, ಒಳಗಿನಿಂದ ದಪ್ಪ ಬಳೆಯಂಥ ಬೇರಿಂಗ್ ಹೊರತೆಗೆದು, ಸೀಮೆಎಣ್ಣೆಯಲ್ಲಿ ತೊಳೆದು ಬಟ್ಟೆಯ ಮೇಲಿಟ್ಟಳು.

"ನದಿ ಆಚೆ ನಮ್ಮಿಬ್ರಿಗೂ ಜಾಗ ಹಿಡಿದಾಗಿದೆ. ನನ್ನ ಗಾಡಿ ನಿನ್ನೇನೇ ಎಳೆದು ಬಿಟ್ಟು ಬಂದೆ, ಇವತ್ತು ಅದೇ ಟ್ರಕ್ಕಿಗೆ ನಿನ್ನದು. ಮಧ್ಯಾಹ್ನದೊಳಗೆ ಹೊರಡ್ಬೇಕು. ನೀನು ಕೂತಿರು, ನಾನು ಹಚ್ಚಿಬಿಡ್ತೀನಿ."

"ಬೇಡ. ಹೆಂಗೆ ಹಚ್ಚೋದು ಹೇಳ್ಕೊಡು."

ನೋಲಾ ಮೊದಲ ಡಬ್ಬ ಎತ್ತಿ ಉಗುರಿನಿಂದ ಕೆರೆದು ನೋಡಿದಳು. "ಇದು ಕಲ್ಲಾಗಿದೆ ಕಣೇ, ಎಸೆದುಬಿಡು." ಆರ್ಡಿತ್ ಅದನ್ನು ಅವಳ ಕೈಯಿಂದ ತೆಗೆದುಕೊಂಡು, ಮುಚ್ಚಳ ಒತ್ತಿ, ಗಾಡಿಯೊಳಗೆ ಸಕ್ಕರೆ ಡಬ್ಬದ ಪಕ್ಕ ಇಟ್ಟು ಬಂದಳು. ಬರುವಾಗ ಹದಿಮೂರನೆಯದನ್ನು ತಂದಿದ್ದಳು. ಪಟ್ಟಿ ಹರಿದಳು. ಮುಚ್ಚಳ ಟಪ್ ಎಂದು ಬಿಟ್ಟುಕೊಂಡಿತು. ಒಳಗೆ ಜೇನಿನ ಬಣ್ಣದ ಗ್ರೀಸ್, ಒಂದು ಗೆರೆಯೂ ಇಲ್ಲದೆ ನುಣ್ಣಗೆ.

"ಅಂಗೈ ತುಂಬ ತಗೋ. ಬೇರಿಂಗಿನ ಅಂಚನ್ನ ಅಂಗೈಗೆ ಒತ್ತು, ಒತ್ತು, ಇನ್ನೂ. ರೊಟ್ಟಿ ಹಿಟ್ಟು ನಾದಲ್ವಾ, ಹಾಗೆ. ಈ ಕಡೆಯಿಂದ ಒಳಗೆ ಹೋಗಿದ್ದು ಆ ಕಡೆಯಿಂದ ಹೊರಗೆ ಬರ್ಬೇಕು, ಅಲ್ಲೀವರೆಗೂ ಬಿಡ್ಬಾರ್ದು."

ಅವಳು ಬಿಡಲಿಲ್ಲ. ಮಣಿಕಟ್ಟಿನವರೆಗೆ ಗ್ರೀಸ್ ಹತ್ತಿತು. ಬೇರಿಂಗಿನ ಸಂದಿಸಂದಿಗಳಿಂದ ಸಣ್ಣ ಸಣ್ಣ ಹುಳುಗಳಂತೆ ಗ್ರೀಸ್ ಇಣುಕಿದಾಗ ನೋಲಾ ಹ್ಞೂಂ ಎಂದಳು. ಒಂದು ಕಡೆ ಮುಗಿದು ಇನ್ನೊಂದು ಕಡೆ ಎತ್ತುವಷ್ಟರಲ್ಲಿ ಬಿಸಿಲು ಬೆನ್ನಿಗೆ ಬಂದಿತ್ತು. ಆಚೆ ಬಿಳಿ ತಗಡಿನ ಮನೆ ಕಿಟಕಿಗಳನ್ನು ತೆರೆದುಕೊಂಡು ಸುಮ್ಮನೆ ಕೂತಿತ್ತು. ರೋಯ್ಸ್ ಬಿಚ್ಚಿಟ್ಟ ತಗಡು ಇನ್ನೂ ಅದರ ಪಕ್ಕದಲ್ಲೇ ಬಿದ್ದಿತ್ತು.

ಎರಡನೆಯ ಗಾಲಿಯನ್ನೂ ಕೂರಿಸಿ, ನೋಲಾ ಬೋಲ್ಟು ಬಿಗಿದಳು.

"ತಿರುಗಿಸು. ಕಿವಿ ಹತ್ರ ಇಟ್ಟು ಕೇಳು. ಕರಕರ ಅಂದ್ರೆ ಮತ್ತೆ ಬಿಚ್ಬೇಕು."

ಆರ್ಡಿತ್ ಮಂಡಿಯೂರಿ, ಗ್ರೀಸ್ ಮೆತ್ತಿದ ಅಂಗೈಯಿಂದ ಗಾಲಿಯನ್ನು ಒಮ್ಮೆ ಜೋರಾಗಿ ತಳ್ಳಿ, ಕಿವಿ ಆನಿಸಿದಳು. ಏನೂ ಕೇಳಿಸಲಿಲ್ಲ. ನೆಲಕ್ಕಿಂತ ಒಂದು ಗೇಣು ಮೇಲೆ ಗಾಲಿ ತಿರುಗಿತು, ತಿರುಗುತ್ತಲೇ ಇತ್ತು, ರಬ್ಬರಿನ ಮೇಲೆ ಅವಳ ಅಂಗೈಯ ಗುರುತು ಮೇಲೆ ಬಂದು ಕೆಳಗೆ ಹೋಗಿ ಮತ್ತೆ ಮೇಲೆ ಬಂತು.